ನಿಧಾನವೇ ಇದರ ಲೈಸೆನ್ಸು

ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಬೇರೆ ದೇಶಗಳಲ್ಲಿ ಹವ್ಯಾಸಿಗಳ ಗೋಡೆ ಸೇರಿದೆ. ನಮ್ಮ ಮಲೆನಾಡಿನಲ್ಲಿ ಅದಿನ್ನೂ ಗದ್ದೆ ಕಾಯುತ್ತಿದೆ. ಶಿವಮೊಗ್ಗದ ಕೋವಿ ಅಂಗಡಿಯೊಂದರಲ್ಲಿ ಅರೆಕಾಲಿಕ ಲೆಕ್ಕ ಬರೆಯುತ್ತ ಕಂಡ ಲೋಕವಿದು.

ಕೋವಿ ಅಂಗಡಿಯಲ್ಲಿ ಕೆಲಸ ಎಂದರೆ ಸಾಕು, ಕೇಳಿದವರ ಕಣ್ಣು ಅರಳುತ್ತದೆ. ದಿನಕ್ಕೆ ಎಷ್ಟು ಕೋವಿ ಮಾರ್ತೀರಿ, ಹೊಡೆದು ನೋಡೋಕೆ ಬಿಡ್ತಾರಾ, ಪೊಲೀಸರು ಬರ್ತಾರಾ? ಪೊಲೀಸರು ಬರುತ್ತಾರೆ, ರಿಜಿಸ್ಟರ್ ನೋಡುವುದಕ್ಕೆ. ಹೊಡೆದು ನೋಡಲು ಯಾರೂ ಬಿಡುವುದಿಲ್ಲ. ಮಾರಾಟವಂತೂ ಕೆಲವು ವಾರ ಒಂದೂ ಇರುವುದಿಲ್ಲ. ನಾನು ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ಬಿ.ಕಾಂ. ಮುಗಿಸಿ ಕಾಯಂ ಕೆಲಸದ ದಾರಿ ನೋಡುತ್ತಿದ್ದ ಕಾಲದಲ್ಲಿ ಮಧ್ಯಾಹ್ನದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು, ಒಂದು ಹಳೇ ಕೋವಿ ಅಂಗಡಿಯಲ್ಲಿ ಕತ್ತಲಾಗುವವರೆಗೆ ಲೆಕ್ಕ ಬರೆಯುತ್ತಿದ್ದೆ. ನನ್ನ ಕೈ ಹೆಚ್ಚು ತಾಗುತ್ತಿದ್ದದ್ದು ಕೋವಿಗಲ್ಲ, ದಪ್ಪ ರಟ್ಟಿನ ಪುಸ್ತಕಗಳಿಗೆ. ದಾಸ್ತಾನಿಗೊಂದು, ಮಾರಾಟಕ್ಕೊಂದು, ರಿಪೇರಿಗೊಂದು, ಠೇವಣಿಗೊಂದು. ‘ಕೋವಿ ಗುರಿ ತಪ್ಪಿದ್ರೆ ಹಂದಿ ಬದುಕ್ಕೊಳುತ್ತೆ. ರಿಜಿಸ್ಟರ್ ತಪ್ಪಿದ್ರೆ ಅಂಗಡಿ ಸಾಯುತ್ತೆ’ ಎಂಬುದು ಯಜಮಾನರು ಮೊದಲ ದಿನವೇ ಹೇಳಿದ ಮಾತು.

ಅಂಗಡಿಗೆ ಬರುತ್ತಿದ್ದವರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ರೈತರೇ ಹೆಚ್ಚು. ನಳಿಗೆ ಮಡಚಿ ತೋಟಾ ಹಾಕುವ ಜೋಡುನಳಿಗೆ ಇದ್ದವರು ಅನುಕೂಲಸ್ಥರು. ಒಂದಿಷ್ಟು ಅಡಕೆ ತೋಟ, ಒಂದಿಷ್ಟು ಮಕ್ಕಿಗದ್ದೆ ಇಟ್ಟುಕೊಂಡವರ ಹೆಗಲಲ್ಲಿ ಇರುತ್ತಿದ್ದದ್ದು ಕೇಪಿನ ಕೋವಿ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಎಸ್‌ಬಿಎಂಎಲ್: ಒಂದೇ ನಳಿಗೆ, ಮದ್ದು ತುಂಬುವುದು ಬಾಯಿಂದ.

ಈ ಕೋವಿ ರೈತನ ಕೈಯಲ್ಲಿ ಉಳಿದದ್ದಕ್ಕೆ ಬಡತನ ಒಂದು ಕಾರಣ, ಕಾನೂನು ಇನ್ನೊಂದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡುವಾಗ ಎಂಥ ಕೋವಿಗೆ ಕೊಡಬೇಕು ಎಂಬುದನ್ನೂ ಹೇಳಿದೆ. ಬಾಯಿಂದ ಮದ್ದು ತುಂಬುವ ಕೋವಿಗೆ. ಬೆಳೆ ಕಾಯಲು ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು. ಕಾಯ್ದೆ ಬರುವ ಹೊತ್ತಿಗೆ ಈ ಜಾತಿಯ ಕೋವಿ ಯುರೋಪಿನ ಸೈನ್ಯಗಳಿಂದ ಹೊರಬಿದ್ದು 80–90 ವರ್ಷ ಕಳೆದಿತ್ತು. ಹಳತಾದರೂ ಅದನ್ನೇ ಹೆಸರಿಸಿದ್ದರಲ್ಲಿ ಒಂದು ಲೆಕ್ಕಾಚಾರ ಇದೆ ಎಂದೇ ನನಗೆ ಅನ್ನಿಸುತ್ತದೆ. ಒಂದು ಈಡು ಹೊಡೆದ ಮೇಲೆ ಮತ್ತೆ ತುಂಬುವುದಕ್ಕೆ ಪಳಗಿದ ಕೈಗೂ ನಿಮಿಷ ಹಿಡಿಯುವ ಕೋವಿಯಿಂದ ಹಂದಿ ಓಡಿಸಬಹುದು, ದಂಗೆ ಏಳುವುದಕ್ಕಾಗದು. ರೈತನನ್ನು ಸರ್ಕಾರ ಎಷ್ಟು ನಂಬುತ್ತದೆ ಎಂಬುದಕ್ಕೆ ಈ ಕೋವಿಯ ನಿಧಾನವೇ ಅಳತೆಗೋಲು.

ಗಜ ಸುಳ್ಳು ಹೇಳುವುದಿಲ್ಲ

ಯಾರ ಕೋವಿ ಒಳಗೆ ಬಂದರೂ ಅಂಗಡಿಯಲ್ಲಿ ಮೊದಲ ಶಾಸ್ತ್ರ ಒಂದೇ. ಬಾಯಿಯನ್ನು ಜನರಿಲ್ಲದ ಗೋಡೆಯ ಕಡೆ ತಿರುಗಿಸಿ, ನಿಪ್ಪಲ್ ಎಂಬ ತೂತಿನ ತಿರುಪಿನ ಮೇಲೆ ಕಿಡಿ ಹೊತ್ತಿಸುವ ಕೇಪು ಕೂತಿಲ್ಲವಷ್ಟೆ ಎಂದು ನೋಡಬೇಕು. ಆಮೇಲೆ ನಳಿಗೆಯ ಅಡಿ ಸಿಕ್ಕಿಸಿರುವ ಗಜದ ಕಡ್ಡಿಯನ್ನು ಎಳೆದು ನಳಿಗೆಯೊಳಗೆ ಬಿಡಬೇಕು. ತಳ ಮುಟ್ಟಿದ ಕೂಡಲೇ ಬಾಯಿಯ ಅಂಚಿನಲ್ಲಿ ಗಜವನ್ನು ಹೆಬ್ಬೆರಳಿನಿಂದ ಹಿಡಿದು ಗುರುತು ಮಾಡಿಕೊಂಡು ಹೊರಗೆಳೆಯಬೇಕು. ಹಿಡಿದ ಬೆರಳನ್ನು ಬಾಯಿಯ ಅಂಚಿಗೇ ಇಟ್ಟು, ಗಜವನ್ನು ನಳಿಗೆಯ ಮೇಲೆ ಉದ್ದಕ್ಕೆ ಮಲಗಿಸಿದರೆ ಒಳಗಿನ ಗುಟ್ಟು ಹೊರಗೆ ಕಾಣುತ್ತದೆ. ಗಜದ ತುದಿ ನಿಪ್ಪಲ್ ಬುಡಕ್ಕೆ ಬಂತೋ, ಕೋವಿ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತಿತೋ, ಒಳಗೆ ಈಡು ಕೂತಿದೆ.

‘ಅಪ್ಪ ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ ಸ್ವಾಮಿ, ಅಟ್ಟದ ಮೇಲೇ ಇತ್ತು’ ಎಂದು ಗೋಣಿಚೀಲದಲ್ಲಿ ಸುತ್ತಿ ತಂದ ಕೋವಿಗಳಲ್ಲಿ ಗಜ ಹೀಗೆ ಹಿಂದೆ ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ. ಯಾರೂ ಮುಟ್ಟಿಲ್ಲ ಎಂಬುದೇ ಅಲ್ಲಿ ಎದೆ ನಡುಗಿಸುವ ಮಾತು. ತೇವ ತಾಗದ ಕಪ್ಪು ಮದ್ದು ದಶಕಗಟ್ಟಲೆ ಸಾಯುವುದಿಲ್ಲ. ಅಂಗಡಿಯ ಮಿಸ್ತ್ರಿ ಈಡು ತುಂಬಿದ ಕೋವಿಯನ್ನು ಬಸ್ಸಿನಲ್ಲಿ ತಂದವರಿಗೆ ಬಯ್ಯುತ್ತಲೇ ಮೊದಲು ಮದ್ದನ್ನು ನೆನೆಸಿ ಕೊಲ್ಲುತ್ತಿದ್ದರು. ಆಮೇಲೆ ಗಜದ ತುದಿಗೆ ತಿರುಪಿನ ಕೊಕ್ಕೆ ಹಾಕಿ ತಿರುಗಿಸುತ್ತ ತಿರುಗಿಸುತ್ತ ತೆಂಗಿನ ನಾರಿನ ಉಂಡೆ, ಸೀಸದ ಚರೆ, ಮತ್ತೊಂದು ಉಂಡೆ, ಕೊನೆಗೆ ಮಸಿಯಂಥ ಮದ್ದು ಹೀಗೆ ಒಂದೊಂದೇ ಕಾಗದದ ಮೇಲೆ ಉದುರಿಸುತ್ತಿದ್ದರು. ಕಟ್ಟಿದವರು ಕಾಲವಾಗಿ ವರ್ಷಗಳಾಗಿದ್ದರೂ ನಾರಿನ ಉಂಡೆಯಲ್ಲಿ ಅವರ ಬೆರಳಿನ ಹದ ಹಾಗೇ ಇರುತ್ತಿತ್ತು.

ಹೊಡೆದ ಕೋವಿಯನ್ನು ಅಂದೇ ತೊಳೆಯದಿದ್ದರೆ ಮಲೆನಾಡಿನಲ್ಲಿ ಅದಕ್ಕೆ ಆಯುಸ್ಸಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಉರಿದು ಉಳಿಯುವ ಕಿಟ್ಟಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಒಂದು ಮಳೆರಾತ್ರಿ ಸಾಕು, ನಳಿಗೆಯೊಳಗೆ ತುಕ್ಕು ಮೊಳೆಯುತ್ತದೆ. ಸೋಪು ಬೇಡ, ಪೆಟ್ರೋಲು ಬೇಡ, ಕುದಿಯುವ ನೀರು ಸಾಕು. ನೀರು ಹುಯ್ದಾಗ ಕೊಳೆತ ಮೊಟ್ಟೆಯ ನಾತ ಎದ್ದು, ಮೊದಲು ಕರಿನೀರು, ಆಮೇಲೆ ಬೂದಿ ಬಣ್ಣ, ಆಮೇಲೆ ತಿಳಿನೀರು ಬರುತ್ತದೆ. ಬಿಸಿಯಾದ ನಳಿಗೆ ತಾನಾಗಿಯೇ ಆರುತ್ತದೆ. ಕೊನೆಗೆ ಎಣ್ಣೆಬಟ್ಟೆ.

ಕೇಪು ಬರುವ ಮೊದಲು ಕೋವಿಗಳಿಗೆ ಮಳೆಯೇ ಶತ್ರು. ಚಕಮಕಿ ಕಲ್ಲಿನ ಕೋವಿಯಲ್ಲಿ ಕಿಡಿ ಹಿಡಿಯುವ ರಂಜಕದ ಮದ್ದು ನಳಿಗೆಯ ಹೊರಗೆ, ಪುಟ್ಟ ಬಟ್ಟಲಲ್ಲಿ ಇರುತ್ತಿತ್ತು. ಅದು ತೇವಗೊಂಡರೆ ಕಥೆ ಮುಗಿಯಿತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫಾರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಗೀಳು. ರಂಜಕದ ಮಿಂಚು ಕಂಡದ್ದೇ ತಡ, ಗುಂಡು ಹೊರಡುವ ಮೊದಲೇ ಹಕ್ಕಿ ಹಾರಿಬಿಡುತ್ತಿತ್ತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸಿ ಆತ 1807ರಲ್ಲಿ ಪೇಟೆಂಟ್ ಪಡೆದ. ಮುಂದಿನ ಒಂದೆರಡು ದಶಕಗಳಲ್ಲಿ ಅದು ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ನಾವು ಕೇಪು ಎನ್ನುವುದು ಅದನ್ನೇ. ಹಕ್ಕಿ ಹಾರದಿರಲಿ ಎಂದು ಹೊರಟ ಪಾದ್ರಿಯ ಉಪಾಯ, ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಗದ್ದೆಗಳಿಗೆ ಹೇಳಿ ಮಾಡಿಸಿದಂತಾಯಿತು.

ಇದೇ ಜಿಲ್ಲೆಯ ವೇಗದ ಕಾಲ

ಅಂಗಡಿಗೆ ಹೋಗುವ ಮೊದಲು ಹೊತ್ತು ಉಳಿದರೆ ತುಂಗೆಯ ದಡದ ಶಿವಪ್ಪನಾಯಕ ಅರಮನೆಗೆ ಹೋಗುತ್ತಿದ್ದೆ. ಈಗ ಅಲ್ಲಿಗೆ ಹೋದವರು ಶಿವಮೊಗ್ಗ ಜಿಲ್ಲೆಯ ಮದ್ದಿನ ಚರಿತ್ರೆಯ ಇನ್ನೊಂದು ತುದಿಯನ್ನೇ ನೋಡಬಹುದು. 2018ರ ಜುಲೈನಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಾಳುಬಿದ್ದ ಬಾವಿಯೊಂದರ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಅದೇ ಜಾಗದಲ್ಲಿ 2002ರಲ್ಲೂ ಕೆಲವು ಸಿಕ್ಕಿದ್ದವು. ಹೆಚ್ಚಿನವು ಒಂದು ಅಡಿಯ ಆಸುಪಾಸಿನವು. ಅವನ್ನು ಈ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದರು.

ನಗರ ಎಂದರೆ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಮಾಡಿದ. ಮೈಸೂರಿನ ರಾಕೆಟ್ಟಿನ ಹಿರಿಮೆ ಇದ್ದದ್ದು ಅದರ ಕಬ್ಬಿಣದ ಮೈಯಲ್ಲಿ. ಕಾಗದ, ಬಿದಿರಿನ ಕೊಳವೆ ತಡೆಯದ ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು. ಹಾಗಾಗಿ ಮದ್ದನ್ನು ಗಟ್ಟಿಯಾಗಿ ಜಡಿಯಬಹುದಿತ್ತು, ರಾಕೆಟ್ ದೂರ ಹೋಗುತ್ತಿತ್ತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿನ ವೂಲಿಚ್ ಸೇರಿದವು. ವಿಲಿಯಂ ಕಾಂಗ್ರೀವ್ ಅದೇ ಜಾಡಿನಲ್ಲಿ ತನ್ನ ರಾಕೆಟ್ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ಪಟ್ಟಣದ ಮೇಲೆ ಸುರಿದದ್ದು ಆ ರಾಕೆಟ್ಟುಗಳೇ.

ಆಮೇಲೆ ಬಂದದ್ದು ಆಯುಧ ಕಸಿಯುವ ಕಾಲ. 1857ರ ದಂಗೆಯಿಂದ ಬೆದರಿದ ಬ್ರಿಟಿಷರು ಊರೂರಿನ ಕೋವಿ ಕಿತ್ತುಕೊಂಡರು. ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ, 1878ರಲ್ಲಿ, ಬ್ರಿಟಿಷ್ ಇಂಡಿಯಾಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಬಂತು. ಲೈಸೆನ್ಸ್ ಎಂಬ ಆ ಚೌಕಟ್ಟನ್ನೇ ಸ್ವತಂತ್ರ ಭಾರತದ ಕಾಯ್ದೆಯೂ ಉಳಿಸಿಕೊಂಡಿತು. ಕೊಡವರದ್ದು ಬೇರೆ ದಾರಿ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ವಿನಾಯಿತಿ ಕೊಟ್ಟ. ಲೈಸೆನ್ಸ್ ಬೇಕಿಲ್ಲದ ಆ ಹಕ್ಕು ಈಗ 2029ರವರೆಗೆ ವಿಸ್ತರಣೆಯಾಗಿದೆ. ಕೈಲ್‌ಪೊಳ್ದಿನ ದಿನ ಕೊಡವರ ಕೋವಿ ದೇವರ ಮುಂದೆ ಹೂ ಮುಡಿದು ನಿಲ್ಲುತ್ತದೆ. ಬಿದನೂರಿನ ರಾಕೆಟ್ಟಿನ ಜಿಲ್ಲೆಯಲ್ಲಿ ಕೋವಿ ನವೀಕರಣದ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಲ್ಲುತ್ತದೆ.

ಲೇತ್ ಇದೆ, ಲೈಸೆನ್ಸ್ ಇಲ್ಲ

ರಿಪೇರಿ ಪುಸ್ತಕದಲ್ಲಿ ಮತ್ತೆ ಮತ್ತೆ ಬರೆಯಬೇಕಾಗಿ ಬರುತ್ತಿದ್ದದ್ದು ಎರಡೇ: ನಿಪ್ಪಲ್ ಸವೆದಿದೆ, ಕೇಪಿಗೆ ಬಡಿಯುವ ಕುದುರೆಯ ಸ್ಪ್ರಿಂಗ್ ಸತ್ತಿದೆ. ನಿಪ್ಪಲ್ ಎಂದರೆ ಹೆಬ್ಬೆರಳಿನ ತುದಿಗಿಂತ ಚಿಕ್ಕದಾದ, ಮಧ್ಯೆ ತೂತಿರುವ ಉಕ್ಕಿನ ತಿರುಪು. ಕೇಪಿನ ಕಿಡಿ ಮದ್ದಿಗೆ ಇಳಿಯುವುದು ಆ ತೂತಿನಲ್ಲೇ. ಅದು ಅಗಲವಾದರೆ ಹೊಗೆ ಹಿಂದಕ್ಕೆ ಹಾರಿ ಮುಖಕ್ಕೆ ಬಡಿಯುತ್ತದೆ, ಕಟ್ಟಿಕೊಂಡರೆ ಕೇಪು ಚಟ್ಟೆಂದು ಸುಮ್ಮನಾಗುತ್ತದೆ. ಬಿಡಿಭಾಗ ಬೇಕೆಂದರೆ ಎಲ್ಲಿಂದಲೋ ಬರುವ ಪಾರ್ಸೆಲಿಗೆ ಕಾಯಬೇಕು. ಲೈಸೆನ್ಸ್ ಪಡೆದು ಕೋವಿ ಮಾಡುವ ಕಾರ್ಖಾನೆಗಳಿಗೆ ಹೆಸರಾದ ಊರು ಬಿಹಾರದ ಮುಂಗೇರ್. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ಅಲ್ಲಿ ಆಯುಧ ಮಾಡಿಸಲು ಶುರುಮಾಡಿದಂದಿನಿಂದ ಆ ಕಸುಬು ಅಲ್ಲಿ ಬೇರೂರಿದೆ.

ಒಮ್ಮೆ ಹೊಸನಗರದ ಕಡೆಯ ಹಿರಿಯರೊಬ್ಬರು ಕಾದು ಕಾದು ಬೇಸತ್ತು ನನ್ನ ಕಡೆ ತಿರುಗಿದರು. ‘ನೀನು ಭದ್ರಾವತಿಯೋನಲ್ವಾ ತಮ್ಮಾ? ಅಲ್ಲಿ ಲೇತ್ ಕೆಲಸದೋರಿಗೆ ಏನು ಬರ? ಒಂದು ನಿಪ್ಪಲ್ ತಿರುಗಿಸ್ಕೊಂಡು ಬಾ ಮಾರಾಯ, ಪುಣ್ಯ ಬರ್ತದೆ.’ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. ‘ಹೆಗಡೇರೆ, ಹುಡುಗನ ಹತ್ರ ಆ ಮಾತಾಡ್ಬೇಡಿ. ಅವನು ತಂದೇಬಿಡ್ತಾನೆ. ಆಮೇಲೆ ಅವನನ್ನ ಬಿಡಿಸ್ಕೊಂಡು ಬರೋಕೆ ನೀವೂ ನಾನೂ ಸ್ಟೇಷನ್ನಿಗೆ ಅಲೀಬೇಕು.’

ನಕ್ಕರೂ ಅದು ತಮಾಷೆಯಲ್ಲ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ಮಾಡುವುದಕ್ಕೆ ಬೇಕಾದಂತೆ ರಿಪೇರಿಗೂ ಲೈಸೆನ್ಸ್ ಬೇಕು. ತಪ್ಪಿದರೆ ಈಗ ಕನಿಷ್ಠ 7 ವರ್ಷ ಸೆರೆ. ಆ ಭಯ ನ್ಯಾಯವೇ. ಕಾಡಂಚಿನ ಎಷ್ಟೋ ಕಳ್ಳಕೋವಿ ಹುಟ್ಟುವುದು ಇಂಥ ಸಣ್ಣ ಉಪಕಾರದಿಂದಲೇ. ಆದರೆ ಭದ್ರಾವತಿಯಲ್ಲಿ ಬೆಳೆದವನಿಗೆ ಈ ಮಾತು ಒಳಗೆಲ್ಲೋ ಚುಚ್ಚುತ್ತದೆ. ಬೆಂಕಿಪುರ ಎಂಬ ಹಳೇ ಹೆಸರಿನ ಈ ಊರಿನಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1918ರಲ್ಲಿ, ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಈಗಿನ ಒಡೆಯ ಸೇಲ್ ಸಂಸ್ಥೆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಮಾಡಿದ್ದು 2023ರ ಜನವರಿಯಲ್ಲಿ. ಕೂದಲೆಳೆಯ ಅಳತೆಗೆ ಉಕ್ಕು ತಿರುಗಿಸಬಲ್ಲ ಫಿಟ್ಟರು, ಟರ್ನರುಗಳು ಬೀದಿಗೊಬ್ಬರಂತೆ ಈ ಊರಲ್ಲಿದ್ದಾರೆ. ಕೋವಿ ರಿಪೇರಿ ಬಲ್ಲ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಪರಿಶೀಲಿಸಿ, ತರಬೇತಿ ಕೊಟ್ಟು, ಇಂಥ ಕೆಲವರಿಗಾದರೂ ರಿಪೇರಿ ಲೈಸೆನ್ಸ್ ಕೊಟ್ಟರೆ ಎರಡೂ ಊರಿಗೆ ಲಾಭ. ಸರಿಯಾದ ಮಿಸ್ತ್ರಿ ಸಿಗದ ಕಡೆ ಮುಖ ಸುಟ್ಟುಕೊಳ್ಳುವ ರೈತರಿರುತ್ತಾರೆ, ಕಳ್ಳ ಕುಲುಮೆಗಳಿರುತ್ತವೆ.

ಠೇವಣಿ ಪುಸ್ತಕದ ಜನ

ನಾಲ್ಕು ಪುಸ್ತಕಗಳಲ್ಲಿ ದಪ್ಪವಾದದ್ದು ಠೇವಣಿಯದು. ಲೈಸೆನ್ಸ್ ಅವಧಿ ಮುಗಿದಾಗ, ಲೈಸೆನ್ಸುದಾರ ತೀರಿಕೊಂಡಾಗ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಡಬೇಕು. ಹಗ್ಗ ಸುತ್ತಿ, ಚೀಟಿ ಕಟ್ಟಿ ಸಾಲಾಗಿ ನಿಲ್ಲಿಸಿದ ಕೋವಿಗಳಲ್ಲಿ ಹಲವಕ್ಕೆ ಒಡೆಯರೇ ಇರಲಿಲ್ಲ. ಮಕ್ಕಳು ಬೆಂಗಳೂರಿನಲ್ಲಿ. ಬಾಡಿಗೆ ಮನೆಯ ವಿಳಾಸಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಕೇಳುವುದು ಹೇಗೆ? 2016ರ ನಿಯಮಗಳಲ್ಲಿ ಒಂದು ದಾರಿ ಇದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಿಸಬಹುದು. ಇದು ಹಳ್ಳಿಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿರುವವರೂ ‘ಈಗಲೇ ಯಾಕೆ, ಅಪಶಕುನ’ ಎಂದು ಮುಂದೂಡುತ್ತಾರೆ.

ಇನ್ನು ಚುನಾವಣೆ. ದಿನಾಂಕ ಘೋಷಣೆಯಾದರೆ ಅಂಗಡಿಯಲ್ಲಿ ಜಾತ್ರೆ. ಠಾಣೆಯಿಂದ ಫೋನು ಬಂದವರೆಲ್ಲ ಕೋವಿ ಒಪ್ಪಿಸಿ ರಸೀತಿ ಪಡೆಯಬೇಕು. ಯಾರದ್ದನ್ನು ಇಡಿಸಿಕೊಳ್ಳಬೇಕು, ಯಾರಿಗೆ ವಿನಾಯಿತಿ ಎಂಬುದನ್ನು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ನೋಡಬೇಕು ಎಂಬ ಕ್ರಮವಿದ್ದರೂ ರೈತರ ಅನುಭವದಲ್ಲಿ ಅದು ಎಲ್ಲರಿಗೂ ಒಂದೇ ಹುಕುಂ. ವಿಧಾನಸಭೆ, ಲೋಕಸಭೆ ಚುನಾವಣೆ ಬೇಸಿಗೆಯಲ್ಲಿ ಬಂದರೆ ಹೇಗೋ ಸುಧಾರಿಸಬಹುದು. 2020ರ ಗ್ರಾಮ ಪಂಚಾಯಿತಿ ಚುನಾವಣೆ ಬಂದದ್ದು ಡಿಸೆಂಬರಿನಲ್ಲಿ. ಭತ್ತ ಕೊಯ್ಲಿಗೆ ಬಂದು ಹಂದಿಗಳು ಹಿಂಡುಗಟ್ಟಿ ಇಳಿಯುವ ತಿಂಗಳು ಅದು. ಕೌಂಟರಿನಾಚೆ ನಿಂತವರೊಬ್ಬರು ಹೇಳಿದ ಮಾತು ಇಂಥ ಪ್ರತಿ ಚುನಾವಣೆಯಲ್ಲೂ ನೆನಪಾಗುತ್ತದೆ: ‘ಹಂದಿಗೆ ನೀತಿಸಂಹಿತೆ ಗೊತ್ತಿಲ್ಲವಲ್ಲ, ಮಾರಾಯ್ರೆ.’

ಕೋವಿ ಮನೆಯಲ್ಲಿ ಇದ್ದಾಗಲೂ ಅದರ ಹೆಚ್ಚಿನ ಕೆಲಸ ಸದ್ದು ಮಾಡುವುದಷ್ಟೇ. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. ಕಾಡುಹಂದಿಯೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ಹೊಲಕ್ಕೆ ನುಗ್ಗಿದರೂ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಹಾಗಾಗಿ ಚರೆ ಹಾಕದೆ ಬರೀ ಮದ್ದು, ನಾರು ಜಡಿದು ಆಕಾಶಕ್ಕೆ ಒಂದು ಈಡು. ಎಲ್ಲರೂ ಅಲ್ಲಿಗೇ ನಿಲ್ಲುತ್ತಾರೆ ಎನ್ನಲಾಗದು. ಹಂದಿ ಎಂದು ಪೊದೆಗೆ ಹೊಡೆದು, ಜೊತೆಗೆ ಬಂದವನನ್ನೇ ಕಳೆದುಕೊಂಡ ಸುದ್ದಿ ಮಲೆನಾಡಿನ ಪತ್ರಿಕೆ ಓದುವವರಿಗೆ ಹೊಸತಲ್ಲ. ಅಂಥ ಸುದ್ದಿ ಬಂದ ದಿನ ಅಂಗಡಿಯಲ್ಲಿ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಯಜಮಾನರು ಮಾರಾಟದ ಪುಸ್ತಕ ತೆಗೆದು ಹಿಂದಿನ ಹಾಳೆಗಳನ್ನು ಒಮ್ಮೆ ತಿರುವುತ್ತಿದ್ದರು.

ಅಲ್ಲಿ ಹವ್ಯಾಸ, ಇಲ್ಲಿ ಆಯುಧ

ಅಮೆರಿಕದ 1968ರ ಕೋವಿ ನಿಯಂತ್ರಣ ಕಾಯ್ದೆ 1898 ಮತ್ತು ಅದಕ್ಕೂ ಮೊದಲು ಮಾಡಿದ ಕೋವಿಗಳನ್ನು ಪುರಾತನ ವಸ್ತು ಎಂದು ಎಣಿಸುತ್ತದೆ. ಬಾಯಿಂದ ಕಪ್ಪು ಮದ್ದು ತುಂಬುವ ಹೊಸ ನಕಲುಗಳಿಗೂ ಬಹುಮಟ್ಟಿಗೆ ಅದೇ ರಿಯಾಯಿತಿ. ಇಂಡಿಯಾನಾ ರಾಜ್ಯದ ಫ್ರೆಂಡ್‌ಷಿಪ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘವೊಂದು ಇಂಥ ಕೋವಿಗಳ ಗುರಿಸ್ಪರ್ಧೆ ನಡೆಸುತ್ತದೆ. ಇಟಲಿಯ ಗಾರ್ಡೋನೆ ಊರಿನ ಕಾರ್ಖಾನೆಗಳು ಅವುಗಳ ನಕಲು ಮಾಡಿ ಜಗತ್ತಿಗೆ ಮಾರುತ್ತವೆ. ಇವನ್ನೇ ನೆಚ್ಚಿಕೊಂಡ ಅಂಗಡಿಗಳಲ್ಲಿ ಅರೆಕಾಲಿಕ ಕೆಲಸ ಮಾಡುವವನು ಇತಿಹಾಸಪ್ರಿಯ ಗಿರಾಕಿಗಳ ಜೊತೆ ಹರಟಬಹುದು. ಶಿವಮೊಗ್ಗದಲ್ಲಿ ಅದೇ ಕೆಲಸದವನು ಲೈಸೆನ್ಸಿನ ಯುಐಎನ್ ಎಂಬ ಗುರುತಿನ ನಂಬರು ಸರಿಯಿದೆಯೇ ಎಂದು ಎರಡು ಸಲ ಓದಿಕೊಳ್ಳುತ್ತಾನೆ.

ನಮ್ಮ ಕಾಯ್ದೆಯ 45ನೇ ಸೆಕ್ಷನ್ ಹಳೇ ಮಾದರಿಯ, ಪುರಾತನ ಬೆಲೆಯ ಕೋವಿಗಳಿಗೆ ಒಂದು ವಿನಾಯಿತಿ ಕೊಟ್ಟಿದೆ, ಒಂದು ಷರತ್ತಿನೊಡನೆ: ರಿಪೇರಿ ಮಾಡಿದರೂ ಅದು ಗುಂಡು ಹಾರಿಸುವಂತಿರಬಾರದು. ಎಂದರೆ ಇಲ್ಲಿ ಕೋವಿ ಹಳತಾಗುವುದು ವಯಸ್ಸಿನಿಂದಲ್ಲ, ಸಾವಿನಿಂದ. ಅಜ್ಜನ ಕಾಲದ ಕೋವಿ ಇನ್ನೂ ಸದ್ದು ಮಾಡುತ್ತದೆಯಾದರೆ ಅದು ಇಂದಿನ ಆಯುಧವೇ. ಇದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ತಪ್ಪಿರುವುದು ಆಮೇಲಿನ ಹಂತದಲ್ಲಿ. ಠೇವಣಿಯಲ್ಲಿ ಉಳಿದು ವಾರಸುದಾರರು ಬಾರದ ಕೋವಿ ಕೊನೆಗೆ ಸರ್ಕಾರದ ವಶವಾಗುತ್ತದೆ. ಅಲ್ಲಿಂದ ಮುಂದೆ ಅದು ಬರೀ ಗುಜರಿ ಕಬ್ಬಿಣ. ಅವುಗಳಲ್ಲಿ ಹಿತ್ತಾಳೆ ಪಟ್ಟಿಯ ಮೇಲೆ ಹೆಸರು ಕೊರೆದವು, ಬೀಟೆಮರದ ಹಿಡಿಯನ್ನು ಊರ ಬಡಗಿ ಕೂರಿಸಿದವು, ಕಲ್ಲಿನ ಕೋವಿಯನ್ನು ಕೇಪಿಗೆ ಬದಲಿಸಿದ ಗುರುತಿರುವವು ಇರುತ್ತವೆ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ, ಶಿವಮೊಗ್ಗದಲ್ಲೇ ವಸ್ತುಸಂಗ್ರಹಾಲಯ ಇದೆ, ರಾಕೆಟ್ ಗುರುತಿಸಿದ ಇಲಾಖೆ ಇದೆ. ಕೋವಿಗಳನ್ನು ತುಂಡರಿಸುವ ಮೊದಲು ಅಲ್ಲಿಂದ ಒಬ್ಬರು ಬಂದು ಒಂದು ದಿನ ನೋಡಿ, ನಾಲ್ಕನ್ನು ಆರಿಸಿ, ನಿಪ್ಪಲ್ ಬೆಸೆದು ಗಾಜಿನೊಳಗೆ ಇಟ್ಟರೆ ಆಯಿತು. ಅರಸರ ರಾಕೆಟ್ ಉಳಿಯಿತು. ರೈತನ ಕೋವಿಗೂ ಪಕ್ಕದಲ್ಲಿ ಜಾಗ ಸಿಗಲಿ.

ಅಲ್ಲಿಯವರೆಗೆ, ಮನೆಯ ಅಟ್ಟದಲ್ಲಿ ಹಿರಿಯರ ಕೋವಿ ಇದ್ದವರಿಗೆ ಅಂಗಡಿಯ ಮಾತು ಇಷ್ಟೇ. ಕುದುರೆ ಎತ್ತಿ ನೋಡಬೇಡಿ. ಬಾಯಿಗೆ ಕಣ್ಣಿಟ್ಟು ಇಣುಕಬೇಡಿ. ಖಾಲಿ ಎಂದು ಯಾರು ಆಣೆ ಮಾಡಿದರೂ ನಂಬಬೇಡಿ. ಲೈಸೆನ್ಸ್ ಪುಸ್ತಕ ಹುಡುಕಿ, ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದ ಹಾಗೆ ಒಪ್ಪಿಸಿ, ರಸೀತಿ ಪಡೆಯಿರಿ. ಆ ರಸೀತಿಯ ನಕಲು ಕೋವಿಗಿಂತ ಜೋಪಾನ.